ಡೆಂಗಿ ವೈರಾಣುವಿನ ಜಾಡು ಹಿಡಿಯುವ ಬಗೆ

ಮಳೆಗಾಲದ ಒಂದೇ ವಾರದಲ್ಲಿ ಕಾರವಾರದಲ್ಲೂ ಶಿರಸಿಯಲ್ಲೂ ಡೆಂಗಿ ಕಾಣಿಸಿಕೊಂಡರೆ, ಎರಡೂ ಕಡೆ ಹರಡುತ್ತಿರುವುದು ಒಂದೇ ತಳಿಯೋ ಬೇರೆ ಬೇರೆಯೋ ಎಂಬುದನ್ನು ಜ್ವರದ ಲಕ್ಷಣ ನೋಡಿ ಹೇಳಲಾಗದು. ಅದಕ್ಕೆ ವೈರಾಣುವಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನೇ ಓದಬೇಕು.

ರಕ್ತವನ್ನು ಜ್ವರ ಬಂದ ಐದು ದಿನಗಳೊಳಗೆ ತೆಗೆಯಬೇಕು. ಆಮೇಲೆ ದೇಹದ ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಪರೀಕ್ಷೆ ಪಾಸಿಟಿವ್ ಬಂದರೂ, ಓದಲು ಸಾಕಾಗುವಷ್ಟು ಆರ್‌ಎನ್‌ಎ ಉಳಿದಿರುವುದು ಅಪರೂಪ. ಆದ್ದರಿಂದ ಎನ್‌ಎಸ್1 (ವೈರಾಣುವಿನದೇ ಒಂದು ಪ್ರೋಟೀನು) ಪಾಸಿಟಿವ್ ಮಾದರಿಗಳನ್ನೇ ಆಯ್ದು, ಸೀರಂ (ರಕ್ತಕಣಗಳಿಲ್ಲದ ತಿಳಿದ್ರವ) ಬೇರ್ಪಡಿಸಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಳುಹಿಸಬೇಕು. ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ವಾಹನ ನಿಲ್ಲುವ ದಿನಗಳಿಗಾಗಿ ಹೆಚ್ಚುವರಿ ಐಸ್ ಪ್ಯಾಕ್ ಇರಲಿ.

ಮಾದರಿಯ ಜೊತೆಗಿನ ಚೀಟಿಯನ್ನು ಹಲವರು ಅವಸರದಲ್ಲಿ ತುಂಬುತ್ತಾರೆ, ಆದರೆ ಅರ್ಧ ಕೆಲಸ ಆಗುವುದು ಅಲ್ಲಿಯೇ. ಹೆಸರಿನ ಬದಲು ಸಂಕೇತ ಸಂಖ್ಯೆ, ಜ್ವರ ಆರಂಭವಾದ ದಿನ, ರಕ್ತ ತೆಗೆದ ದಿನ, ವಾಸದ ಊರು ಹಾಗೂ ಹಿಂದಿನ ಎರಡು ವಾರ ಎಲ್ಲೆಲ್ಲಿದ್ದರು ಎಂಬುದನ್ನು ಬರೆಯಬೇಕು. ಬೈತಖೋಲ ಬಂದರಿನ ದೋಣಿ ಕಾರ್ಮಿಕನ ಚೀಟಿಯಲ್ಲಿ ಬರೀ ‘ಕಾರವಾರ’ ಎಂದಿದ್ದು, ಆತ ಕಳೆದ ವಾರವಷ್ಟೇ ಗೋವಾದಿಂದ ಬಂದವನಾಗಿದ್ದರೆ, ಮುಂದಿನ ವಿಶ್ಲೇಷಣೆಯೆಲ್ಲ ದಾರಿ ತಪ್ಪುತ್ತದೆ.

ಪ್ರಯೋಗಾಲಯದಲ್ಲಿ, ಆರ್‌ಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಆರ್‌ಟಿ-ಪಿಸಿಆರ್ ಮೂಲಕ ಡೆಂಗಿಯ ನಾಲ್ಕು ಸೀರೋಟೈಪ್‌ಗಳಲ್ಲಿ (ಉಪಪ್ರಕಾರಗಳಲ್ಲಿ) ಯಾವುದೆಂದು ಗುರುತಿಸಿ, ಸಿಟಿ ಮೌಲ್ಯ (ವೈರಾಣು ಪತ್ತೆಯಾಗಲು ಬೇಕಾದ ನಕಲು ಸುತ್ತುಗಳ ಸಂಖ್ಯೆ; ಕಡಿಮೆಯಿದ್ದಷ್ಟೂ ವೈರಾಣು ಹೆಚ್ಚು) ಸುಮಾರು 30ಕ್ಕಿಂತ ಕಡಿಮೆ ಇರುವ ಮಾದರಿಗಳನ್ನು ಸೀಕ್ವೆನ್ಸಿಂಗ್‌ಗೆ, ಅಂದರೆ ಆರ್‌ಎನ್‌ಎ ಅಕ್ಷರಗಳನ್ನು ಓದಲು, ಆರಿಸಬೇಕು. ಸುಮಾರು 10,700 ಅಕ್ಷರಗಳ ಜೀನೋಮನ್ನು (ವೈರಾಣುವಿನ ಇಡೀ ಆರ್‌ಎನ್‌ಎ ಪಠ್ಯವನ್ನು) ಒಂದರ ಮೇಲೊಂದು ಚಾಚಿಕೊಳ್ಳುವ ತುಣುಕುಗಳಾಗಿ ವರ್ಧಿಸಿ ಓದಲಾಗುತ್ತದೆ. ಸ್ಪಷ್ಟವಾಗಿ ಓದಲಾಗದ ಜಾಗವನ್ನು ಊಹೆಯಿಂದ ತುಂಬದೆ ‘ಎನ್’ ಎಂದೇ ಬಿಡಬೇಕು. ಬಳಿಕ ಸಾರ್ವಜನಿಕ ಅನುಕ್ರಮ ಭಂಡಾರವಾದ ಜೆನ್‌ಬ್ಯಾಂಕ್‌ನಿಂದ ಅದೇ ಸೀರೋಟೈಪಿನ ನೆರೆರಾಜ್ಯಗಳ ಅನುಕ್ರಮಗಳನ್ನೂ ಸೇರಿಸಿಕೊಂಡು ವಂಶವೃಕ್ಷ ರಚಿಸಬೇಕು.

ವೃಕ್ಷವನ್ನು ಓದುವಾಗ ಸಂಯಮ ಬೇಕು. ಡೆಂಗಿಯ ಜೀನೋಮಿನಲ್ಲಿ ವರ್ಷಕ್ಕೆ ಸರಿಸುಮಾರು ಎಂಟು ಅಕ್ಷರಗಳು ಬದಲಾಗುತ್ತವೆ, ಅಂದರೆ ಒಂದೂವರೆ ತಿಂಗಳಿಗೊಂದು. ಹೀಗಾಗಿ ಅಕ್ಕಪಕ್ಕದ ಮನೆಗಳ ಜೀನೋಮುಗಳು ಒಂದೇ ಆಗಿದ್ದ ಮಾತ್ರಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ ಹರಡಿತೆಂದು ಬರೆಯಲಾಗದು. ಇದಕ್ಕೆ ವಿರುದ್ಧವಾಗಿ, ಕಾರವಾರ ಮತ್ತು ಶಿರಸಿಯ ಮಾದರಿಗಳ ನಡುವೆ ನಲವತ್ತು ಅಕ್ಷರಗಳ ವ್ಯತ್ಯಾಸವಿದ್ದರೆ, ಎರಡೂ ಕವಲುಗಳಲ್ಲಿ ಬದಲಾವಣೆ ಸೇರುತ್ತ ಹೋಗುವುದರಿಂದ, ಅವೆರಡೂ ಕವಲೊಡೆದು ಎರಡು ವರ್ಷ ಮೀರಿದೆ, ಈ ಮಳೆಗಾಲದಲ್ಲಿ ಘಟ್ಟ ಹತ್ತಿದ ಸೋಂಕು ಅದಲ್ಲ ಎನ್ನಬಹುದು. ಗೋವಾದ ಮಾದರಿಗಳೇ ಇಲ್ಲದ ವೃಕ್ಷದಿಂದ ಸೋಂಕು ಎಲ್ಲಿಂದ ಬಂತೆಂಬ ತೀರ್ಮಾನಕ್ಕೆ ಬರುವುದಂತೂ ಬೇಡ.

ಚಿಕೂನ್‌ಗುನ್ಯಾಕ್ಕೂ ಇದೇ ಕ್ರಮ, ಆದರೆ ಅಲ್ಲಿ ವೈರಾಣುವಿನ ಹೊರಕವಚದ ಇ1 ಪ್ರೋಟೀನಿನ 226ನೆಯ ಸ್ಥಾನವನ್ನು ಮೊದಲು ನೋಡಬೇಕು. 2007ರಲ್ಲಿ ಕೇರಳದಲ್ಲಿ ಕಂಡಂತೆ ಅಲ್ಲಿ ಅಲನಿನ್ ಎಂಬ ಅಮೈನೊ ಆಮ್ಲದ ಬದಲು ವ್ಯಾಲಿನ್ ಇದ್ದರೆ, ವೈರಾಣು ತೋಟಗಳಲ್ಲಿ ಹೆಚ್ಚಾಗಿರುವ ಏಡಿಸ್ ಅಲ್ಬೋಪಿಕ್ಟಸ್ ಸೊಳ್ಳೆಯ ಮೂಲಕ ಹೆಚ್ಚು ಸುಲಭವಾಗಿ ಹರಡುತ್ತದೆ. ಆಗ ಶಿರಸಿ ಸೀಮೆಯ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಯ ನೀರು ಚೆಲ್ಲಿಸುವುದು, ಪೇಟೆಯ ಡ್ರಮ್ಮುಗಳನ್ನು ಮುಚ್ಚಿಸುವಷ್ಟೇ ತುರ್ತಾಗುತ್ತದೆ.