ಅಮ್ಮನಿಗೆ ಖಿನ್ನತೆಯಿರುವಾಗ ಮಗುವನ್ನು ನೋಡಿಕೊಳ್ಳುವ ಬಗೆ

ತಾಯಿ ಖಿನ್ನತೆಯಿಂದ ಬಳಲುತ್ತಿರುವ ಮನೆಯಲ್ಲಿ ದೊಡ್ಡವರು ಸಾಮಾನ್ಯವಾಗಿ ಮಗುವಿಗೆ ಏನೂ ತಿಳಿಯದಂತೆ ಎಚ್ಚರ ವಹಿಸುತ್ತಾರೆ. ಆದರೆ ಅಮ್ಮ ಬೆಳಗ್ಗೆ ಏಳದಿರುವುದು, ಕರೆದರೆ ತಡವಾಗಿ ಓಗೊಡುವುದು, ಮೊದಲು ನಗುತ್ತಿದ್ದ ಮಾತಿಗೆ ಈಗ ರೇಗುವುದು ಇವೆಲ್ಲ ಮಗುವಿನ ಗಮನಕ್ಕೆ ಬೇಗನೆ ಬಂದುಬಿಡುತ್ತವೆ. ಯಾರೂ ಕಾರಣ ಹೇಳದಿದ್ದರೆ ಅದು ತಾನೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ. ಚಿಕ್ಕ ವಯಸ್ಸಿನಲ್ಲಿ ಆ ಕಾರಣ ಹೆಚ್ಚಾಗಿ ‘ನಾನೇ ಏನೋ ತಪ್ಪು ಮಾಡಿದೆ’ ಎಂಬುದಾಗಿರುತ್ತದೆ. ಆದ್ದರಿಂದ ತಂದೆಯಾಗಲಿ, ಅಜ್ಜಿಯಾಗಲಿ, ಚಿಕ್ಕಮ್ಮನಾಗಲಿ, ಮಗುವಿನ ಹತ್ತಿರವಿರುವವರು ಮೊದಲು ಮಾಡಬೇಕಾದದ್ದು ಅದರೊಡನೆ ಬಿಡಿಸಿ ಮಾತನಾಡುವುದು.

ಏನು ಹೇಳಬೇಕೆಂಬುದನ್ನು ಸಾಧ್ಯವಾದರೆ ಮೊದಲು ತಾಯಿಯೊಡನೆಯೇ ಚರ್ಚಿಸಿ. ಅವರೂ ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು. ಐದಾರು ವರ್ಷದ ಮಗುವಿಗೆ ಇಷ್ಟು ಸಾಕು: “ಅಮ್ಮನಿಗೆ ಖಿನ್ನತೆ ಅನ್ನುವ ಕಾಯಿಲೆ ಬಂದಿದೆ. ಅದಕ್ಕೇ ಅಮ್ಮ ಅಳುತ್ತಾಳೆ, ಆಟಕ್ಕೆ ಬರುವುದಿಲ್ಲ. ಇದು ನಿನ್ನಿಂದ ಬಂದದ್ದಲ್ಲ. ಡಾಕ್ಟರು ಔಷಧ ಕೊಡುತ್ತಿದ್ದಾರೆ. ಅಮ್ಮನನ್ನೂ ನಿನ್ನನ್ನೂ ನಾನು ನೋಡಿಕೊಳ್ಳುತ್ತೇನೆ.” ‘ಬರೀ ಸುಸ್ತು’ ಎಂದು ತೇಲಿಸಿಬಿಟ್ಟರೆ, ಮುಂದೆ ಮನೆಯಲ್ಲಿ ಯಾರಿಗೆ ಸುಸ್ತಾದರೂ ಮಗು ಹೆದರಬಹುದು. ಮುಂದಿನ ವಾರ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಕೊಡಬೇಡಿ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು. ಹದಿಹರೆಯದವರು ‘ನನಗೂ ಬರುತ್ತದೆಯೇ?’ ಎಂದು ಕೇಳಿದರೆ, ಸಾಧ್ಯತೆ ಉಳಿದವರಿಗಿಂತ ಹೆಚ್ಚಿದ್ದರೂ ಬಂದೇ ತೀರುತ್ತದೆ ಎಂದಿಲ್ಲ, ಬಂದರೂ ಚಿಕಿತ್ಸೆಯಿದೆ ಎಂದು ನೇರವಾಗಿ ಉತ್ತರಿಸಿ. ಈ ಮಾತುಕತೆ ಒಮ್ಮೆಗೇ ಮುಗಿಯುವುದಿಲ್ಲ.

ಎರಡನೆಯದಾಗಿ, ಮಗು ಸದ್ದಿಲ್ಲದೆ ಹೊತ್ತುಕೊಂಡಿರುವ ಹೊಣೆಯನ್ನು ಗುರುತಿಸಿ ಇಳಿಸಬೇಕು. ಅಮ್ಮ ಮಾತ್ರೆ ತೆಗೆದುಕೊಂಡಳೇ ಎಂದು ನೋಡುವುದು, ತಮ್ಮನನ್ನು ಸುಮ್ಮನಿರಿಸುವುದು, ಬಂದವರಿಗೆ ನೆಪ ಹೇಳಿ ಕಳಿಸುವುದು, ತನಗೆ ಬೇಕಾದದ್ದನ್ನು ಕೇಳದೇ ಇರುವುದು, ಇವನ್ನು ಕಂಡು ನಾವು ‘ಎಷ್ಟು ಜವಾಬ್ದಾರಿ ಬಂದಿದೆ’ ಎಂದು ಮೆಚ್ಚುತ್ತೇವೆ. ಆ ಮೆಚ್ಚುಗೆಯೇ ಹೊರೆಯನ್ನು ಗಟ್ಟಿಮಾಡುತ್ತದೆ. ತನ್ನ ಬಟ್ಟೆ ಮಡಿಸುವಂಥ ಕೆಲಸದಿಂದ ಮಗುವಿಗೆ ತೊಂದರೆಯಿಲ್ಲ. ಆದರೆ ಅಮ್ಮನ ಮನಸ್ಸನ್ನು ಕಾಯುವುದು ಅದರ ಕೆಲಸವಲ್ಲ. ‘ನೀನು ಜಾಣನಾಗಿದ್ದರೆ ಅಮ್ಮ ಬೇಗ ಹುಷಾರಾಗುತ್ತಾಳೆ’ ಎಂಬ ಮಾತನ್ನು ಎಷ್ಟೇ ಅಕ್ಕರೆಯಿಂದಲೂ ಆಡಬೇಡಿ, ಏಕೆಂದರೆ ಅಮ್ಮ ಹುಷಾರಾಗದ ಪ್ರತಿ ದಿನವೂ ಮಗು ತನ್ನನ್ನೇ ಅಪರಾಧಿಯಾಗಿ ಕಾಣುತ್ತದೆ. ಊಟ, ನಿದ್ದೆ, ಶಾಲೆಯ ಹೊತ್ತು ತಪ್ಪದಂತೆ ನೋಡಿಕೊಂಡರೆ ಅದರ ಆತಂಕ ಎಷ್ಟೋ ತಗ್ಗುತ್ತದೆ.

ಹಸುಗೂಸಿಗೆ ವಿವರಣೆ ಬೇಡ, ಸ್ಪಂದಿಸುವ ಮುಖ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ ತಾಯಂದಿರು ಕೆಲವೇ ನಿಮಿಷ ಮುಖವನ್ನು ನಿರ್ಭಾವವಾಗಿಟ್ಟಾಗ, ಕೂಸುಗಳು ನಕ್ಕು, ಕೈಚಾಚಿ ಅವರನ್ನು ಸೆಳೆಯಲು ನೋಡಿ, ಕೊನೆಗೆ ಮುಖ ತಿರುಗಿಸಿಕೊಂಡವು. ಇದನ್ನು ಹೇಳುತ್ತಿರುವುದು ತಾಯಿಯನ್ನು ದೂರಲು ಅಲ್ಲ. ಮನೆಯ ಇನ್ನೊಬ್ಬರು ದಿನವೂ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಅದರ ಸದ್ದಿಗೆ ಸದ್ದು, ನಗುವಿಗೆ ನಗು ಕೊಡಬೇಕು ಎಂಬುದಕ್ಕಾಗಿ. ತಾಯಿಗೂ ಅವರಿಂದ ಆಗುವಷ್ಟಕ್ಕೆ ಅವಕಾಶ ಮಾಡಿಕೊಡಿ: ಸ್ವಲ್ಪ ಹೊತ್ತು ಪಕ್ಕದಲ್ಲಿ ಮಲಗಿಸಿಕೊಳ್ಳುವುದು, ದೊಡ್ಡ ಮಗುವಾದರೆ ಒಂದು ಕತೆ ಓದುವುದು.

ತಾಯಿಯ ಚಿಕಿತ್ಸೆಯನ್ನು ಮಗುವಿನ ಆರೈಕೆಯ ಭಾಗವೆಂದೇ ಎಣಿಸಬೇಕು. ಅಮೆರಿಕದ ಸಂಶೋಧಕಿ ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳ ಔಷಧೋಪಚಾರದಿಂದ ಖಿನ್ನತೆ ಇಳಿದ ತಾಯಂದಿರ ಮಕ್ಕಳಲ್ಲಿ ಮಾನಸಿಕ ತೊಂದರೆಗಳೂ ಕಡಿಮೆಯಾಗಿದ್ದವು. ಆದ್ದರಿಂದ ಮನೋವೈದ್ಯರ ಬಳಿಗೆ ಅವರೊಡನೆ ಹೋಗಿ. ಸ್ವಲ್ಪ ಚೇತರಿಸಿಕೊಂಡೊಡನೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳಿ. ಮಗುವಿನಲ್ಲೇ ಮಂಕು, ಪದೇ ಪದೇ ಹೊಟ್ಟೆನೋವು, ನಿದ್ದೆಗೇಡು, ಶಾಲೆಗೆ ಹೋಗುವುದಿಲ್ಲವೆಂಬ ಹಟ ಎರಡು ವಾರ ಮೀರಿ ಉಳಿದರೆ ಅದನ್ನೂ ವೈದ್ಯರಿಗೆ ತೋರಿಸಿ.

ಒಂದು ಮಾತನ್ನು ಮಗುವಿಗೆ ತಪ್ಪದೆ ತಿಳಿಸಿರಬೇಕು: ಅಮ್ಮ ಸಾಯುವ ಮಾತಾಡಿದರೆ ಅದು ಗುಟ್ಟಲ್ಲ, ಯಾರಿಗೂ ಹೇಳಬೇಡವೆಂದಿದ್ದರೂ ತಕ್ಷಣ ಬಂದು ಹೇಳಬೇಕು. ಯಾರಿಗೆ ಕರೆ ಮಾಡಬೇಕೆಂಬುದನ್ನು ಬರೆದು ಅದರ ಕೈಗೆಟುಕುವಲ್ಲಿ ಇಡಿ. ಆಮೇಲಿನದು ಪೂರ್ತಿ ದೊಡ್ಡವರ ಹೊಣೆ. ತಾಯಿಯನ್ನು ಒಂಟಿಯಾಗಿ ಬಿಡದೆ, ಮಾತ್ರೆಗಳನ್ನು ಬೀಗದಲ್ಲಿಟ್ಟು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತಾಯಿ ಗುಣಮುಖರಾದ ಮೇಲೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಸಿಟ್ಟಾಗುತ್ತಾರೆ, ಹಟ ಹಿಡಿಯುತ್ತಾರೆ. ಅಷ್ಟು ಕಾಲ ತಡೆದಿಟ್ಟದ್ದನ್ನು ಹೊರಹಾಕಲು ಈಗ ಅವರಿಗೆ ಧೈರ್ಯ ಬಂದಿರಬಹುದು, ಗದರಿಸದೆ ಕೇಳಿಸಿಕೊಳ್ಳಿ. ಖಿನ್ನತೆ ಮರಳಿ ಬರಬಹುದಾದ ಕಾಯಿಲೆಯಾದ್ದರಿಂದ, ತಾಯಿ ಚೆನ್ನಾಗಿರುವಾಗಲೇ ಅವರೊಡನೆ ಕುಳಿತು, ಮುಂದೆ ಹಾಗಾದರೆ ಮಗುವನ್ನು ಶಾಲೆಯಿಂದ ಯಾರು ಕರೆತರಬೇಕು, ರಾತ್ರಿ ಯಾರ ಬಳಿ ಮಲಗಬೇಕು ಎಂಬುದನ್ನು ನಿರ್ಧರಿಸಿ ಮಗುವಿಗೂ ಹೇಳಿಡಿ.