‘ಎಮಿಷನ್’ ಕಂಡಾಗ ಅರ್ಥ ಬಿಡಿಸಿಕೊಳ್ಳುವುದು ಹೇಗೆ?

ವಾಹನದ ಹೊಗೆ ತಪಾಸಣೆಯ ಚೀಟಿಯಲ್ಲಿ, ಭೌತವಿಜ್ಞಾನದ ಪಠ್ಯದಲ್ಲಿ, ಆಸ್ಪತ್ರೆಯ ವರದಿಯಲ್ಲಿ, ಎಲ್ಲ ಕಡೆಯೂ ‘ಎಮಿಷನ್’ ಇದೆ. ಎಲ್ಲವನ್ನೂ ಹೊಗೆಯೆಂದೇ ಓದಿಕೊಂಡರೆ ದಾರಿ ತಪ್ಪುತ್ತೇವೆ. ಲ್ಯಾಟಿನ್ ಮೂಲದ ಈ ಪದಕ್ಕೆ ‘ಹೊರಗೆ ಕಳುಹಿಸುವುದು’ ಎಂದಷ್ಟೇ ಅರ್ಥ. ಉಳಿದದ್ದನ್ನು ಸಂದರ್ಭದಿಂದ ಹೆಕ್ಕಿಕೊಳ್ಳಬೇಕು.

ಹಂತ 1: ಹೊರಬರುವುದು ಏನೆಂದು ಕೇಳಿ

ಬೆಳಕಾದರೆ ಕನ್ನಡದಲ್ಲಿ ‘ಉತ್ಸರ್ಜನೆ’ ಎನ್ನುತ್ತೇವೆ. ಇದನ್ನು ಒಲೆಯ ಮುಂದೆಯೇ ನೋಡಬಹುದು. ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಉಪ್ಪುನೀರು ಉಕ್ಕಿ ಬಿದ್ದರೆ ಜ್ವಾಲೆ ತಟ್ಟನೆ ಹಳದಿಯಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನು ಶಾಖದಿಂದ ಮೇಲಿನ ಶಕ್ತಿಮಟ್ಟಕ್ಕೆ ಏರಿ, ಮತ್ತೆ ಇಳಿಯುವಾಗ ಸುಮಾರು 589 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಬಿಡುತ್ತದೆ. ಪ್ರತಿ ಧಾತುವಿಗೂ ಅದರದೇ ಬಣ್ಣದ ಗೆರೆಗಳಿವೆ. ಈ ಗುರುತು ಹಿಡಿದೇ ಜರ್ಮನ್ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಚಾಫ್ 1860ರಲ್ಲಿ ಸೀಸಿಯಂ, ಮರುವರ್ಷ ರುಬಿಡಿಯಂ ಧಾತುಗಳನ್ನು ಪತ್ತೆ ಮಾಡಿದರು.

ಹಂತ 2: ಅನಿಲವಾದರೆ, ಯಾವ ಅನಿಲ?

ಹೆಚ್ಚಿನ ಗೊಂದಲ ಇಲ್ಲೇ ಹುಟ್ಟುವುದು. ಪೆಟ್ರೋಲ್ ವಾಹನದ ತಪಾಸಣೆಯಲ್ಲಿ ಮುಖ್ಯವಾಗಿ ನೋಡುವುದು ಕಾರ್ಬನ್ ಮೊನಾಕ್ಸೈಡನ್ನು ಮತ್ತು ಉರಿಯದೆ ಉಳಿದ ಇಂಧನವನ್ನು. ಹವಾಮಾನದ ಸುದ್ದಿಯಲ್ಲಿ ಟನ್ನುಗಟ್ಟಲೆ ಎಣಿಸುವುದು ಕಾರ್ಬನ್ ಡೈಆಕ್ಸೈಡನ್ನು. ಮುಕ್ಕಾಲು ಕಿಲೊ ತೂಗುವ ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೊ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಲೆಕ್ಕ ತಪ್ಪಿಲ್ಲ: ಇಂಗಾಲದ ಪ್ರತಿ 12 ಗ್ರಾಮಿಗೆ ಗಾಳಿಯ 32 ಗ್ರಾಂ ಆಮ್ಲಜನಕ ಸೇರಿಕೊಳ್ಳುತ್ತದೆ. ಎಂಜಿನ್ ಎಷ್ಟು ಚೊಕ್ಕಟವಾಗಿ ಉರಿಸಿದರೂ ಈ ಭಾರ ಇಳಿಯುವುದಿಲ್ಲ. ತಪಾಸಣೆಯಲ್ಲಿ ಪಾಸಾದ ಮಾತ್ರಕ್ಕೆ ವಾತಾವರಣಕ್ಕೆ ಏನೂ ಸೇರುತ್ತಿಲ್ಲ ಎಂದು ನಂಬುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಹಂತ 3: ಲೆಕ್ಕದ ಗಡಿ ಎಲ್ಲಿ?

‘ಶೂನ್ಯ ಹೊರಸೂಸುವಿಕೆ’ಯ (ಝೀರೊ ಎಮಿಷನ್) ಎಲೆಕ್ಟ್ರಿಕ್ ಕಾರಿಗೆ ಹೊಗೆ ಕೊಳವೆಯಿಲ್ಲ, ನಿಜ. ಟೈರು ಸವೆದು ಏಳುವ ದೂಳು, ವಿದ್ಯುತ್ ತಯಾರಾದ ಸ್ಥಾವರದ ಹೊಗೆ ಆ ಲೆಕ್ಕದೊಳಗೆ ಬರುವುದಿಲ್ಲ.

ಹಂತ 4: ದೇಹದ ವಿಷಯವಾದರೆ

ಮೂತ್ರಕ್ಕೆ ‘ವಿಸರ್ಜನೆ’ ಎಂಬ ಬೇರೆಯೇ ಪದವಿದೆ. ‘ಪೆಟ್ (PET) ಸ್ಕ್ಯಾನ್’ ಹೆಸರಿನ ನಡುವಿನ ಇಂಗ್ಲಿಷ್ ಅಕ್ಷರ E ಎಮಿಷನ್‌ನದು. ದೇಹಕ್ಕೆ ಚುಚ್ಚಿದ ವಿಕಿರಣಶೀಲ ವಸ್ತು ಪಾಸಿಟ್ರಾನ್ ಎಂಬ, ಎಲೆಕ್ಟ್ರಾನಿನಂಥದೇ ಆದರೆ ಧನ ವಿದ್ಯುದಂಶದ ಕಣವನ್ನು ಹೊರಹಾಕುತ್ತದೆ. ಅದು ಎಲೆಕ್ಟ್ರಾನಿಗೆ ಎದುರಾದಾಗ ಎರಡೂ ಅಳಿದು, ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಸುತ್ತಲಿನ ಯಂತ್ರ ಆ ಜೋಡಿಯನ್ನು ಹಿಡಿದು, ವಸ್ತು ದೇಹದಲ್ಲಿ ಎಲ್ಲಿ ಸೇರಿಕೊಂಡಿದೆ ಎಂಬುದನ್ನು ಚಿತ್ರದಲ್ಲಿ ತೋರಿಸುತ್ತದೆ.