ಕಾಪಿರೈಟ್ ವರ್ಷ ನಂಬಬೇಡಿ: ಮೊದಲ ಮುದ್ರಣ ಗುರುತಿಸುವುದು ಹೀಗೆ

ಹಳೆ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಕಾದಂಬರಿ ತೆರೆದು ‘ಕಾಪಿರೈಟ್ 1960’ ಎಂದು ಕಂಡದ್ದೇ ತಡ, ಸಾವಿರಗಟ್ಟಲೆ ಎಣಿಸಿಕೊಡುವವರಿದ್ದಾರೆ. ಆ ವರ್ಷ ಐವತ್ತನೇ ಮುದ್ರಣದಲ್ಲೂ ಹಾಗೇ ಇರುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಮೊದಲ ಆವೃತ್ತಿಯ ಮೊದಲ ಮುದ್ರಣಕ್ಕೆ.

ಮೊದಲು ಜರಡಿ ಹಿಡಿಯಿರಿ. 1960ರ ಪುಸ್ತಕದ ಮೇಲೆ ಬಾರ್‌ಕೋಡ್ ಅಥವಾ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಇದ್ದರೆ ಅಲ್ಲಿಗೇ ಕೆಳಗಿಡಿ, ಆಗಿನ್ನೂ ಅವು ಇರಲಿಲ್ಲ.

ಇನ್ನು ಶೀರ್ಷಿಕೆ ಪುಟದ ಬೆನ್ನಿಗಿರುವ ಮುದ್ರಣ ವಿವರ. ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಇತ್ತೀಚಿನ ದಶಕಗಳ ಪುಸ್ತಕಗಳಲ್ಲಿ ‘10 9 8 7 6 5 4 3 2 1’ ಎಂಬ ಸಾಲಿರುತ್ತದೆ. ಪ್ರತಿ ಮರುಮುದ್ರಣಕ್ಕೂ ಒಂದೊಂದು ಅಂಕಿ ಅಳಿಸುತ್ತಾರೆ. ಹೊಸದಾಗಿ ಸೇರಿಸುವುದಕ್ಕಿಂತ ಅಳಿಸುವುದು ಸುಲಭ. ಉಳಿದದ್ದರಲ್ಲಿ ಅತಿ ಚಿಕ್ಕದು ಯಾವುದೋ ಅದೇ ಮುದ್ರಣದ ಸಂಖ್ಯೆ. ‘1 3 5 7 9 10 8 6 4 2’ ಎಂದು ಎರಡೂ ತುದಿಯಿಂದ ಜೋಡಿಸಿದ್ದರೂ ಲೆಕ್ಕ ಅದೇ. ಆದರೆ ಅಮೆರಿಕದ ರ‍್ಯಾಂಡಮ್ ಹೌಸ್ ಪ್ರಕಾಶನ 1970ರ ದಶಕದಿಂದ ಸುಮಾರು 2002ರವರೆಗೆ ಸಾಲನ್ನು 2ರಿಂದ ಶುರುಮಾಡಿ, ಜೊತೆಗೆ ‘ಫಸ್ಟ್ ಎಡಿಷನ್’ ಎಂದು ಹಾಕುತ್ತಿತ್ತು. ಎರಡನೇ ಮುದ್ರಣಕ್ಕೆ ಆ ಪದಗಳನ್ನಷ್ಟೇ ತೆಗೆಯುತ್ತಿದ್ದರು. ಹಾಗಾಗಿ ಪದಗಳೊಂದಿಗೆ 2 ಇದ್ದರೆ ಮೊದಲನೆಯದು, ಬರೀ 2 ಇದ್ದರೆ ಎರಡನೆಯದು. ಅಮೆರಿಕದ್ದೇ ಸ್ಕ್ರಿಬ್ನರ್ಸ್ ಪ್ರಕಾಶನ 1930ರಿಂದ 70ರ ದಶಕದ ಆರಂಭದವರೆಗೆ ಮೊದಲ ಮುದ್ರಣಕ್ಕೆ ‘ಎ’ ಅಕ್ಷರ ಹಾಕುತ್ತಿತ್ತು. 1952ರ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ಯಲ್ಲಿ ಅದಿಲ್ಲದಿದ್ದರೆ ಮೊದಲ ಮುದ್ರಣವಲ್ಲ. ಬ್ರಿಟಿಷ್ ಪ್ರಕಾಶಕರ ಹಳೆ ಪುಸ್ತಕಗಳಲ್ಲಿ ‘ಫಸ್ಟ್ ಪಬ್ಲಿಷ್ಡ್’ ಸಾಲಿನ ಕೆಳಗೆ ‘ರೀಪ್ರಿಂಟೆಡ್’ ಪಟ್ಟಿ ಇದೆಯೇ ನೋಡಿ. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ಇಲ್ಲಿ ದಂಡ: ಅವು ಶೀರ್ಷಿಕೆ ಹೇಳುತ್ತವೆ, ಮುದ್ರಣವನ್ನಲ್ಲ.

ಇಂಥ ಗುರುತು ಇಲ್ಲದ ಕಡೆ ಅಚ್ಚಿನ ತಪ್ಪು ಹುಡುಕಬೇಕು. 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಮೊದಲ ಮುದ್ರಣದ 205ನೇ ಪುಟದಲ್ಲಿ ‘ಸಿಕ್ ಅಂಡ್ ಟೈರ್ಡ್’ ಬದಲು ‘ಸಿಕ್ ಇನ್ ಟೈರ್ಡ್’ ಎಂದಿದೆ, 60ನೇ ಪುಟದಲ್ಲಿ ಮರುಮುದ್ರಣದಲ್ಲಿ ಬದಲಾದ ‘ಚ್ಯಾಟರ್’ ಪದವಿದೆ. ಆದರೆ ತಪ್ಪೊಂದೇ ಸಾಕ್ಷಿಯಲ್ಲ. 1997ರ ಮೊದಲ ಹ್ಯಾರಿ ಪಾಟರ್‌ನಲ್ಲಿ 53ನೇ ಪುಟದ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿದೆ. ಜೊತೆಗೆ ಅಂಕಿಸಾಲು 1ಕ್ಕೆ ಇಳಿದಿರಲೇಬೇಕು.

ಯಾವ ದೇಶದಲ್ಲಿ ಮೊದಲು ಬಂತೆಂಬುದೂ ಗೊತ್ತಿರಲಿ. ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಮೊದಲ ಆವೃತ್ತಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್‌ನದು, 1935. ಮೈಸೂರಿನ ಇಂಡಿಯನ್ ಥಾಟ್ ಪ್ರಕಾಶನದ ಪ್ರತಿ ಓದಲು ಚೆಂದ, ಮೊದಲ ಆವೃತ್ತಿಯ ಬೆಲೆ ಕೊಡಬೇಡಿ.

ಕೊನೆಗೆ ಬುಕ್ ಕ್ಲಬ್ ಪ್ರತಿಗಳು, ಅಂದರೆ ಕ್ಲಬ್ಬಿನ ಸದಸ್ಯರಿಗೆಂದೇ ಬೇರೆಯಾಗಿ ಅಚ್ಚು ಹಾಕಿಸಿದವು. ಕೆಲವದರಲ್ಲಿ ‘ಫಸ್ಟ್ ಎಡಿಷನ್’ ಎಂದೂ ಇರುವುದರಿಂದ ಪಳಗಿದವರೂ ಮೋಸಹೋಗುತ್ತಾರೆ. ಹಿಂದಿನ ರಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಬೆನ್ನಿನ ಬಳಿಯ ಕೆಳಮೂಲೆ ನೋಡಿ: ಬಣ್ಣವಿಲ್ಲದೆ ಒತ್ತಿದ ಚುಕ್ಕಿಯೋ ಚೌಕವೋ ಕಂಡರೆ ಕ್ಲಬ್ಬಿನದೆಂದು ತಿಳಿಯಿರಿ. ರಟ್ಟಿನ ಮೇಲಿನ ಕಾಗದದ ಹೊದಿಕೆಯಾದ ಡಸ್ಟ್‌ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಇಲ್ಲದಿದ್ದರೂ ಅನುಮಾನಿಸಿ. ಮೂಲೆ ಕತ್ತರಿಸಿದ್ದರೂ ಎಚ್ಚರ. ಜಾಕೆಟ್ಟಿನೊಂದಿಗೆ ಬಂದ ಪುಸ್ತಕಕ್ಕೆ ಅದಿಲ್ಲದಿದ್ದರೆ ಬೆಲೆ ಬಹಳ ಕುಸಿಯುತ್ತದೆ. ಸಿಕ್ಕ ಒಳ್ಳೆಯ ಜಾಕೆಟ್ಟಿಗೆ ಶಾಲೆ ಪುಸ್ತಕಕ್ಕೆ ಹಾಕುವ ಅಂಟು ಪ್ಲಾಸ್ಟಿಕ್ ಅಂಟಿಸಬೇಡಿ. ಅದನ್ನು ಕಿತ್ತರೆ ಬಣ್ಣವೂ ಜೊತೆಗೆ ಬರುತ್ತದೆ.